ತಳಿಯ ಹೆಸರು ಕೇಳಿ ಗೇಟು ಮುಚ್ಚಬೇಡಿ
ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಎಲ್ಲ ಸದಸ್ಯರಿಗೆ,



ಸಾಕಿದವರು ಕೈಬಿಟ್ಟ ನಾಯಿಗಳಿಗೆ ಹೊಸ ಮನೆ ಹುಡುಕಿಕೊಡುವ ಕೆಲಸದಲ್ಲಿ ನಾನು ತೊಡಗಿಕೊಂಡಿದ್ದೇನೆ. ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಹೆಸರು ಕೇಳಿದರೇ ಜನ ಹಿಂದೆ ಸರಿಯುವ ತಳಿಗಳು. ರಾಟ್‌ವೈಲರ್, ಪಿಟ್‌ಬುಲ್, ಡಾಬರ್‌ಮನ್, ಕೇನ್ ಕೊರ್ಸೊ. ಇವಕ್ಕೆ ಮನೆ ಸಿಗುವುದೇ ಅಪರೂಪ. ಸಿಕ್ಕಿದ ಮೇಲೂ ಎಷ್ಟೋ ಸಲ ಕೊನೆಯ ಗಳಿಗೆಯಲ್ಲಿ ಎಲ್ಲವೂ ಕೆಡುತ್ತದೆ. ಮನೆಮಂದಿ ಒಪ್ಪಿರುತ್ತಾರೆ, ನಾಯಿ ಅವರಿಗೆ ಹೊಂದಿಕೊಂಡಿರುತ್ತದೆ, ಬಾಡಿಗೆ ಮನೆಯಾದರೆ ಮಾಲೀಕರೂ ಸರಿ ಎಂದಿರುತ್ತಾರೆ. ಅಷ್ಟರಲ್ಲಿ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬರುತ್ತದೆ: ಈ ತಳಿಯ ನಾಯಿಗೆ ನಮ್ಮಲ್ಲಿ ಅವಕಾಶವಿಲ್ಲ. ಆ ನಾಯಿಯನ್ನು ಕಮಿಟಿಯ ಒಬ್ಬರೂ ನೋಡಿರುವುದಿಲ್ಲ. ಅದರ ಹೆಸರು, ವಯಸ್ಸು, ಹಿಂದಿನ ಕತೆ ಯಾವುದನ್ನೂ ಕೇಳಿರುವುದಿಲ್ಲ. ತಳಿ ಯಾವುದೆಂದು ತಿಳಿದ ಕೂಡಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಈ ಪತ್ರ ಅದೇ ತೀರ್ಮಾನದ ಬಗ್ಗೆ. ನಿಮ್ಮನ್ನು ದೂರಲು ಬರೆಯುತ್ತಿಲ್ಲ. ತಳಿಗಳ ಪಟ್ಟಿ ನಿಮ್ಮ ಮಕ್ಕಳನ್ನು ಕಾಪಾಡುವುದಿಲ್ಲ, ಕಾಪಾಡುವುದು ಬೇರೆ ಕೆಲವು ವಿಷಯಗಳು ಎಂದು ತಿಳಿಸುವುದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ನಿಮ್ಮ ಭಯ ಸುಳ್ಳಲ್ಲ. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯದೇ ಪಿಟ್‌ಬುಲ್ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಐದು ವರ್ಷದ ಹೆಣ್ಣುಮಗುವಿನ ಮೇಲೆ ಎರಡು ರಾಟ್‌ವೈಲರ್‌ಗಳು ಎರಗಿದವು. ಇಂಥ ಸುದ್ದಿ ಓದಿದ ತಾಯಿ ಪಕ್ಕದ ಫ್ಲ್ಯಾಟಿಗೆ ರಾಟ್‌ವೈಲರ್ ಬರುತ್ತದೆಂದು ಕೇಳಿ ಬೆಚ್ಚಿಬೀಳುವುದು ಸಹಜ. ಐವತ್ತು ಕಿಲೋ ತೂಗುವ ನಾಯಿ ಕಚ್ಚಿದರೆ ಆಗುವ ಗಾಯಕ್ಕೂ ಪೊಮೆರೇನಿಯನ್ ಕಚ್ಚಿದರೆ ಆಗುವ ಗಾಯಕ್ಕೂ ವ್ಯತ್ಯಾಸವಿದೆ. ಇದನ್ನು ಮರೆಮಾಚಿ ನಾಯಿಗಳ ಪರ ಮಾತಾಡುವವರು ನಾಯಿಗಳಿಗೂ ಉಪಕಾರ ಮಾಡುವುದಿಲ್ಲ. ಆದ್ದರಿಂದ ಪ್ರಶ್ನೆ ಇರುವುದು ಭಯಪಡಬೇಕೋ ಬೇಡವೋ ಎಂಬುದಲ್ಲ, ಅಪಾಯ ಹುಟ್ಟುವುದು ಎಲ್ಲಿಂದ ಎಂಬುದು.

ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಸಾವು ಸಂಭವಿಸಿದ 256 ಪ್ರಕರಣಗಳನ್ನು ಪಶುವೈದ್ಯ ಸಂಶೋಧಕರು ಪೊಲೀಸ್ ದಾಖಲೆಗಳ ಸಮೇತ ಒಂದೊಂದಾಗಿ ಪರಿಶೀಲಿಸಿದರು. ಆ ವರದಿ 2013ರಲ್ಲಿ ಅಲ್ಲಿನ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಶೇ. 87ರಷ್ಟು ಪ್ರಕರಣಗಳಲ್ಲಿ ನಾಯಿಯನ್ನು ತಡೆಯಬಲ್ಲ ಒಬ್ಬ ಶಕ್ತ ವ್ಯಕ್ತಿ ಆ ಜಾಗದಲ್ಲಿ ಇರಲಿಲ್ಲ. ಶೇ. 84ಕ್ಕಿಂತ ಹೆಚ್ಚಿನವುಗಳಲ್ಲಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿಲ್ಲ, ಸತ್ತವರ ಪರಿಚಯವೂ ನಾಯಿಗೆ ಸರಿಯಾಗಿ ಇರಲಿಲ್ಲ. ಶೇ. 76ರಷ್ಟರಲ್ಲಿ ನಾಯಿಯನ್ನು ಮನುಷ್ಯರ ಒಡನಾಟದಿಂದ ದೂರ, ಸರಪಳಿಯಲ್ಲೋ ಹಿತ್ತಲಲ್ಲೋ ಒಂಟಿಯಾಗಿ ಬಿಡಲಾಗಿತ್ತು. ಹತ್ತರಲ್ಲಿ ಎಂಟು ಪ್ರಕರಣಗಳಲ್ಲಿ ಇಂಥ ನಾಲ್ಕು ಅಥವಾ ಹೆಚ್ಚಿನ ಕಾರಣಗಳು ಒಟ್ಟಿಗೇ ಸೇರಿದ್ದವು. ಇವೆಲ್ಲವೂ ಮನುಷ್ಯರ ಕೈಯಲ್ಲಿದ್ದ ಸಂಗತಿಗಳು. ತಳಿ ಯಾವುದೆಂದು ಖಚಿತವಾಗಿ ಹೇಳುವುದಂತೂ ಶೇ. 80ಕ್ಕಿಂತ ಹೆಚ್ಚಿನ ಪ್ರಕರಣಗಳಲ್ಲಿ ಸಾಧ್ಯವೇ ಆಗಲಿಲ್ಲ.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಜೊತೆ ತಾಳೆ ನೋಡಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ತಳಿಗೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಕಟ್ಟು, ಬಲ, ಓಟ, ವಾಸನೆ ಹಿಡಿಯುವ ಚುರುಕು ಇವೆಲ್ಲ ತಳಿಯಿಂದ ಬರುತ್ತವೆ. ಆದರೆ ನಿಮ್ಮ ಗೇಟಿನ ಮುಂದೆ ನಿಂತಿರುವ ಈ ಒಂದು ನಾಯಿ ಮಕ್ಕಳೊಂದಿಗೆ ಹೇಗಿರುತ್ತದೆ, ಲಿಫ್ಟಿನಲ್ಲಿ ಅಪರಿಚಿತರು ಹತ್ತಿದರೆ ಏನು ಮಾಡುತ್ತದೆ ಎಂಬುದನ್ನು ತಳಿಯ ಹೆಸರು ಹೇಳುವುದಿಲ್ಲ. ನಾಯಿಯನ್ನೇ ನೋಡಿ ತಿಳಿಯಬೇಕು.

ಜನ ಹೆದರುವ ಈ ತಳಿಗಳ ಹಿನ್ನೆಲೆಯನ್ನೂ ಸ್ವಲ್ಪ ಕೇಳಿ. ರಾಟ್‌ವೈಲರ್‌ಗೆ ಹೆಸರು ಕೊಟ್ಟದ್ದು ಜರ್ಮನಿಯ ರಾಟ್‌ವೈಲ್ ಎಂಬ ಊರು. ಅಲ್ಲಿ ಇದು ದನ ಹೊಡೆಯುವ, ಕಟುಕರ ಗಾಡಿ ಎಳೆಯುವ ದುಡಿಮೆಯ ನಾಯಿಯಾಗಿತ್ತು. ರೈಲು ಬಂದು ದನಗಳನ್ನು ನಡೆಸಿಕೊಂಡು ಹೋಗುವ ಕಾಲ ಮುಗಿದಾಗ ಈ ತಳಿ ಹೆಚ್ಚುಕಡಿಮೆ ಅಳಿದೇಹೋಗುವುದರಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಪೊಲೀಸ್ ಕೆಲಸಕ್ಕೆ ಸೇರಿ ಉಳಿದುಕೊಂಡಿತು. ಡಾಬರ್‌ಮನ್ ತಳಿಯನ್ನು ಬೆಳೆಸಿದವರು ಅಪೋಲ್ಡಾ ಎಂಬ ಊರಿನ ತೆರಿಗೆ ವಸೂಲಿಗಾರ ಲೂಯಿಸ್ ಡಾಬರ್‌ಮನ್. ಊರೂರು ಸುತ್ತುವಾಗ ಜೊತೆಗೆ ಕಾವಲಿರಲೆಂದು ಅವರು ಬಯಸಿದರು. ಪಿಟ್‌ಬುಲ್‌ನ ಮೂಲ ಬ್ರಿಟನ್ನಿನಲ್ಲಿದೆ. ಅಲ್ಲಿ ಹೋರಿಯ ಮೇಲೆ ನಾಯಿ ಬಿಡುವ ಮೋಜನ್ನು 1835ರಲ್ಲಿ ಕಾನೂನು ನಿಲ್ಲಿಸಿತು. ಆಗ ಜೂಜುಕೋರರು ನಾಯಿಗೆ ನಾಯಿಯನ್ನೇ ಕಾದಾಟಕ್ಕೆ ಇಳಿಸಿದರು. ಕಾದಾಟದ ಆಸೆ ಮನುಷ್ಯರದ್ದು. ಅದರ ಕೆಟ್ಟ ಹೆಸರು ಮಾತ್ರ ನಾಯಿಗೆ ಉಳಿಯಿತು.

ಆ ಹೆಸರನ್ನು ತೊಳೆಯಬಹುದೇ ಎಂಬ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆಯಿತು. 2007ರಲ್ಲಿ ಫುಟ್‌ಬಾಲ್ ಆಟಗಾರ ಮೈಕೆಲ್ ವಿಕ್ ಅವರ ವರ್ಜೀನಿಯಾದ ಆಸ್ತಿಯಲ್ಲಿ ನಾಯಿಕಾಳಗದ ಅಡ್ಡೆ ಪತ್ತೆಯಾಗಿ, ಸುಮಾರು ಐವತ್ತು ಪಿಟ್‌ಬುಲ್‌ಗಳು ಸರ್ಕಾರದ ವಶಕ್ಕೆ ಬಂದವು. ಕಾದಾಟಕ್ಕೆಂದೇ ಸಾಕಿದ ನಾಯಿಗಳಿಂದ ಇನ್ನು ಉಪಯೋಗವಿಲ್ಲ, ಸಾಯಿಸುವುದೇ ಲೇಸು ಎಂದು ದೊಡ್ಡ ಪ್ರಾಣಿದಯಾ ಸಂಸ್ಥೆಗಳೇ ಹೇಳಿದವು. ನ್ಯಾಯಾಲಯ ಒಪ್ಪಲಿಲ್ಲ. ಒಂದೊಂದು ನಾಯಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ತಜ್ಞರನ್ನು ಕರೆಸಿತು. ಕೊನೆಗೆ 47 ನಾಯಿಗಳು ಆಶ್ರಯ ಸಂಸ್ಥೆಗಳ ಕೈಸೇರಿದವು. ಹಲವು ಸಾಮಾನ್ಯ ಮನೆಗಳ ಸಾಕುನಾಯಿಗಳಾದವು. ಕೆಲವಂತೂ ಆಸ್ಪತ್ರೆಗಳಿಗೆ, ಮಕ್ಕಳ ಬಳಿಗೆ ಹೋಗಿ ಸಮಾಧಾನ ನೀಡುವ ಥೆರಪಿ ನಾಯಿಗಳಾದವು. ಅಲ್ಲಿ ಕಲಿತ ಪಾಠ ಪಿಟ್‌ಬುಲ್‌ಗಳೆಲ್ಲ ಸಾಧು ಎಂಬುದಲ್ಲ, ಪ್ರತಿಯೊಂದು ನಾಯಿಯೂ ಬೇರೆ ಎಂಬುದು. ಇಂದು ನಾವು ಬೆಂಗಳೂರಿನಲ್ಲಿ ಮಾಡುವ ಕೆಲಸವೂ ಅದೇ ನಂಬಿಕೆಯ ಮೇಲೆ ನಿಂತಿದೆ.

ಈಗ ನಮ್ಮ ದೇಶದ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಹಲವು ಸಂಘಗಳು ಇಂದಿಗೂ ಕೈಯಲ್ಲಿ ಹಿಡಿದು ತೋರಿಸುವ ಕಾಗದವೆಂದರೆ 2024ರ ಮಾರ್ಚ್ 12ರ ಕೇಂದ್ರ ಸರ್ಕಾರದ ಸುತ್ತೋಲೆ. 'ಮನುಷ್ಯರಿಗೆ ಅಪಾಯಕಾರಿ' ಎಂದು 23 ತಳಿಗಳನ್ನು ಹೆಸರಿಸಿ, ಅವುಗಳ ಮಾರಾಟ ಮತ್ತು ತಳಿ ಬೆಳೆಸುವಿಕೆಗೆ ಅನುಮತಿ ಕೊಡಬಾರದು, ಈಗಾಗಲೇ ಸಾಕಿರುವ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕು ಎಂದು ಅದು ರಾಜ್ಯಗಳಿಗೆ ಸೂಚಿಸಿತು. ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. 'ಟೋಸಾ ಇನು' ಒಂದು ಕಡೆ ಇದೆ, 'ಜಪಾನೀಸ್ ಟೋಸಾ' ಇನ್ನೊಂದು ಕಡೆ ಇದೆ. ಎರಡೂ ಒಂದೇ ನಾಯಿ. ಮತ್ತೊಂದು ಕಡೆ ಬರೀ 'ಟೆರಿಯರ್‌ಗಳು' ಎಂದಿದೆ. ಅಕ್ಷರಶಃ ಓದಿದರೆ ಮೂರು ಕಿಲೋ ತೂಗುವ, ಕೈಚೀಲದಲ್ಲಿ ಕೂರುವ ಯಾರ್ಕ್‌ಶೈರ್ ಟೆರಿಯರ್ ಕೂಡ ಅದರೊಳಗೆ ಬರುತ್ತದೆ.

ಕರ್ನಾಟಕ ಹೈಕೋರ್ಟ್ ಅದೇ ಮಾರ್ಚ್ 19ರಂದು ಈ ಸುತ್ತೋಲೆಗೆ ರಾಜ್ಯದಲ್ಲಿ ತಡೆ ನೀಡಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದನ್ನು ರದ್ದುಪಡಿಸಿದರು. ಸಂಬಂಧಪಟ್ಟ ಯಾರ ಮಾತನ್ನೂ ಕೇಳದೆ ಸುತ್ತೋಲೆ ಹೊರಡಿಸಲಾಗಿದೆ ಎಂಬುದು ಮುಖ್ಯ ಕಾರಣ. ಎಲ್ಲರನ್ನೂ ಕೇಳಿ, ಕ್ರಮಬದ್ಧವಾಗಿ ಹೊಸ ನಿಯಮ ತರಲು ಸರ್ಕಾರಕ್ಕೆ ಅಡ್ಡಿಯಿಲ್ಲ ಎಂಬುದನ್ನೂ ನ್ಯಾಯಾಲಯ ಸ್ಪಷ್ಟಪಡಿಸಿತು. ಹೀಗೆ ರದ್ದಾದ ಸುತ್ತೋಲೆಯ ಆಧಾರದ ಮೇಲೆ ಒಂದು ಕುಟುಂಬಕ್ಕೆ ನೋಟಿಸ್ ಕೊಡುವುದು ಸರಿಯಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತವಿದ್ದರೂ ಸಂಘವು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಸಣ್ಣ ನಾಯಿ ಆಗಬಹುದು, ದೊಡ್ಡದು ಬೇಡ ಎಂದು ಭೇದ ಮಾಡುವಂತೆಯೂ ಇಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಆ ದಿನಗಳಲ್ಲಿ ನಡೆದದ್ದು. ಪಟ್ಟಿ ಹೊರಬಿದ್ದಾಗ ಹೆದರಿದ್ದು ನಾಯಿಗಳನ್ನು ಕೆಟ್ಟದಾಗಿ ಇಟ್ಟುಕೊಂಡವರಲ್ಲ, ಚೆನ್ನಾಗಿ ಸಾಕಿದವರು. ಬೇಜವಾಬ್ದಾರರಿಗೆ ನಾಯಿಯನ್ನು ಬಿಟ್ಟುಬಿಡಲು ಒಂದು ನೆಪ ಸಿಕ್ಕಿತು. ನಮಗೆ ಬರುವ ಕರೆಗಳ ಧಾಟಿಯೇ ಬದಲಾಯಿತು: ಓನರ್ ಒಪ್ಪುತ್ತಿಲ್ಲ, ಸಂಘ ಒಪ್ಪುತ್ತಿಲ್ಲ, ನೀವೇ ಕರೆದುಕೊಂಡು ಹೋಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಜ್ವರ ಇರುವುದು ಲೈಸೆನ್ಸ್ ಇಲ್ಲದೆ ಮರಿ ಹಾಕಿಸುವವರಲ್ಲಿ, ಗತ್ತಿಗಾಗಿ ಕೊಂಡು ಟೆರೇಸಿನಲ್ಲಿ ಕಟ್ಟಿಹಾಕುವವರಲ್ಲಿ. ಬರೆ ಬಿದ್ದದ್ದು ನಾಯಿಗೆ.

ನೀವು ಗೇಟು ಮುಚ್ಚಿದಾಗ ಆ ನಾಯಿ ಮಾಯವಾಗುವುದಿಲ್ಲ ಎಂಬುದನ್ನು ದಯವಿಟ್ಟು ಯೋಚಿಸಿ. ಅದು ನಗರದ ಹೊರವಲಯದ ಯಾವುದೋ ಫಾರ್ಮ್‌ಹೌಸಿನಲ್ಲಿ ಸರಪಳಿಗೆ ಬೀಳುತ್ತದೆ. ಇಲ್ಲವೇ ಮತ್ತೆ ಬ್ರೀಡರ್ ಕೈಸೇರುತ್ತದೆ. ಇಲ್ಲವೇ ರಾತ್ರೋರಾತ್ರಿ ರಿಂಗ್ ರಸ್ತೆಯ ಬದಿಯಲ್ಲಿ ಇಳಿಯುತ್ತದೆ. ಒಂಟಿತನ, ಸರಪಳಿ, ಸಂತಾನಹರಣ ಆಗದ ಸ್ಥಿತಿ, ನೋಡಿಕೊಳ್ಳುವವರಿಲ್ಲದಿರುವುದು ಇವೇ ಅಪಾಯದ ಮೂಲಗಳೆಂದು ಮೇಲೆ ಹೇಳಿದೆನಲ್ಲ, ನಿಷೇಧ ಇವೆಲ್ಲವನ್ನೂ ಹೆಚ್ಚಿಸುತ್ತದೆ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತದ ಪ್ರಕರಣಗಳು ಕಡಿಮೆಯಾಗದ್ದನ್ನು ಕಂಡು 2008ರಲ್ಲಿ ಅದನ್ನು ಕೈಬಿಟ್ಟಿತು.

ಹಾಗಾದರೆ ನಾವು ಒಂದು ನಾಯಿಯನ್ನು ನಿಮ್ಮ ಅಪಾರ್ಟ್‌ಮೆಂಟಿಗೆ ಕಳಿಸುವ ಮೊದಲು ಏನೇನು ಮಾಡುತ್ತೇವೆ ಎಂಬುದನ್ನು ನೀವು ಕೇಳಬೇಕು, ನಾವು ಹೇಳಬೇಕು.

ಬಂದ ನಾಯಿಯನ್ನು ಮೊದಲು ಬೇರೆ ಇಡುತ್ತೇವೆ. ರೇಬೀಸ್, ಡಿಸ್ಟೆಂಪರ್, ಪಾರ್ವೊ ಲಸಿಕೆ ಹಾಕಿಸುತ್ತೇವೆ. ರಕ್ತ ಪರೀಕ್ಷೆ ಮಾಡಿಸಿ ಉಣುಗು ಕಡಿತದಿಂದ ಬರುವ ಜ್ವರವಿದೆಯೇ ನೋಡುತ್ತೇವೆ. ಸಂತಾನಹರಣ ಮಾಡಿಸದೆ ಯಾವ ದೊಡ್ಡ ನಾಯಿಯನ್ನೂ ಕೊಡುವುದಿಲ್ಲ. ಮೊದಲ ಮೂರು ದಿನ ನಾಯಿ ಗಾಬರಿಯಲ್ಲಿರುತ್ತದೆ, ಮೂರು ವಾರಕ್ಕೆ ದಿನಚರಿ ಕಲಿಯುತ್ತದೆ, ಮೂರು ತಿಂಗಳಿಗೆ ತನ್ನ ನಿಜ ಸ್ವಭಾವ ತೋರಿಸುತ್ತದೆ ಎಂಬುದು ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಆದ್ದರಿಂದ ಬಂದ ವಾರವೇ 'ಬಹಳ ಸಾಧು' ಎಂದು ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ. ಊಟದ ತಟ್ಟೆಯ ಹತ್ತಿರ ಹೋದರೆ, ಮಲಗಿದ್ದಾಗ ಎಬ್ಬಿಸಿದರೆ, ಸೈಕಲ್ ಹಾದುಹೋದರೆ, ಬೇರೆ ನಾಯಿ ಬೊಗಳಿದರೆ, ಮಕ್ಕಳು ಕಿರುಚಿದರೆ ಏನು ಮಾಡುತ್ತದೆಂದು ಸುರಕ್ಷಿತ ದೂರದಿಂದ ಮತ್ತೆ ಮತ್ತೆ ನೋಡುತ್ತೇವೆ. ಬಾಯಿಕುಕ್ಕೆ ಹಾಕಿಸಿಕೊಳ್ಳಲು ತಿಂಡಿ ಕೊಟ್ಟು ಕಲಿಸುತ್ತೇವೆ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಬರುವಂಥ ಜಾಲರಿ ಕುಕ್ಕೆಯನ್ನೇ ಬಳಸುತ್ತೇವೆ.

ಆಮೇಲೆ ಮನೆಯ ಪರೀಕ್ಷೆ. ದೊಡ್ಡ ನಾಯಿ ಸಾಕಿದ ಅನುಭವವಿದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಅಜ್ಜಿಗೆ ಇಷ್ಟವಿದೆಯೇ, ಮನೆಕೆಲಸಕ್ಕೆ ಬರುವವರಿಗೆ ಭಯವಿದೆಯೇ, ಬಾಲ್ಕನಿಯ ಕಂಬಿ ಎಷ್ಟು ಎತ್ತರ ಎಂದೆಲ್ಲ ಕೇಳುತ್ತೇವೆ. ಮರಿ ಹಾಕಿಸುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ, ಸಾಕಲಾಗದಿದ್ದರೆ ನಮಗೇ ಮರಳಿಸಬೇಕು ಎಂದು ಬರೆಸಿಕೊಳ್ಳುತ್ತೇವೆ. ನಾವು ಅಪಾರ್ಟ್‌ಮೆಂಟಿಗೆ ಕೊಡದ ನಾಯಿಗಳೂ ಇವೆ. ಅಪರಿಚಿತರನ್ನು ಕಂಡರೆ ತಡೆಯಲಾಗದಂತೆ ಎರಗುವ ನಾಯಿಗೆ ನೂರು ಕುಟುಂಬಗಳು ಒಂದೇ ಲಿಫ್ಟ್ ಬಳಸುವ ಜಾಗ ಹೊಂದುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದು ನಮ್ಮ ಕೆಲಸದ ಪ್ರಾಮಾಣಿಕತೆಯ ಭಾಗ.

ಗೌರಿ ಎಂಬ ರಾಟ್‌ವೈಲರ್ ಬಗ್ಗೆ ಹೇಳುತ್ತೇನೆ. ಬ್ರೀಡರ್ ಒಬ್ಬರ ಶೆಡ್ಡಿನಲ್ಲಿ ಮರಿಯ ಮೇಲೆ ಮರಿ ಹಾಕಿ ಬಸವಳಿದ ಮೇಲೆ ಅವಳನ್ನು ಹೊರಗೆ ಬಿಟ್ಟಿದ್ದರು. ಸಿಮೆಂಟ್ ನೆಲದ ಮೇಲೇ ಮಲಗಿ ಮೊಣಕೈಗಳು ದಡ್ಡುಗಟ್ಟಿದ್ದವು. ಪೊರಕೆ ಎತ್ತಿದರೆ ಮೂಲೆಗೆ ಹೋಗಿ ಕುಗ್ಗುತ್ತಿದ್ದಳು. ಮೆಟ್ಟಿಲು ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ನಿವೃತ್ತ ದಂಪತಿಯೊಬ್ಬರು ಅವಳನ್ನು ಸಾಕಲು ಒಪ್ಪಿಕೊಂಡರು. ಸಂಘದಲ್ಲಿ ಎಂದಿನ ಆಕ್ಷೇಪ ಬಂತು. ಆದರೆ ಆ ಸಂಘದ ಕಾರ್ಯದರ್ಶಿ ಬೇರೆ ದಾರಿ ಹಿಡಿದರು. ಖುದ್ದಾಗಿ ಬಂದು ಗೌರಿಯನ್ನು ನೋಡಿದರು. ಮೂರು ತಿಂಗಳು ಜನ ಕಡಿಮೆಯಿರುವ ಹೊತ್ತಿನಲ್ಲಷ್ಟೇ ವಾಕಿಂಗ್, ಸಾಮಾನ್ಯ ಜಾಗದಲ್ಲಿ ಬಾಯಿಕುಕ್ಕೆ, ಆಮೇಲೆ ಮತ್ತೆ ಸಭೆ ಎಂದು ದಂಪತಿಯೊಂದಿಗೆ ಮಾತಾಡಿ ಒಪ್ಪಿಸಿದರು. ಮೂರು ತಿಂಗಳ ನಂತರದ ಸಭೆಯಲ್ಲಿ ಯಾರೂ ದೂರು ತರಲಿಲ್ಲ. ಸೆಕ್ಯುರಿಟಿಯವರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಆ ಕಾರ್ಯದರ್ಶಿ ನಾಯಿಪ್ರೇಮಿಯೇನಲ್ಲ. ಎರಡೂ ಕಡೆಯವರ ಮಾತು ಕೇಳುವ ತಾಳ್ಮೆ ಅವರಲ್ಲಿತ್ತು, ಅಷ್ಟೇ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು.

ಒಂದು, ತಳಿಗಳ ಪಟ್ಟಿಯನ್ನು ನಿಮ್ಮ ಬೈಲಾದಿಂದ ತೆಗೆಯಿರಿ. ಅದರ ಬದಲು ಎಲ್ಲ ನಾಯಿಗಳಿಗೂ ಅನ್ವಯಿಸುವ ನಡವಳಿಕೆಯ ನಿಯಮ ಮಾಡಿ. ಸಾಮಾನ್ಯ ಜಾಗದಲ್ಲಿ ಬೆಲ್ಟ್ ಮತ್ತು ಹಗ್ಗ ಕಡ್ಡಾಯ, ಹಗ್ಗ ನಾಯಿಯನ್ನು ತಡೆಯಬಲ್ಲ ವಯಸ್ಕರ ಕೈಯಲ್ಲಿರಬೇಕು, ಪ್ರತಿ ವರ್ಷದ ರೇಬೀಸ್ ಲಸಿಕೆಯ ದಾಖಲೆ ಸಂಘಕ್ಕೆ ಸಲ್ಲಬೇಕು. ಇದು ಪಗ್‌ಗೂ ಸಲ್ಲಲಿ, ರಾಟ್‌ವೈಲರ್‌ಗೂ ಸಲ್ಲಲಿ.

ಎರಡು, ಆಕ್ಷೇಪ ಬಂದಾಗ ನಾಯಿಯನ್ನು ನೋಡದೆ ತೀರ್ಮಾನಿಸಬೇಡಿ. ನಮ್ಮನ್ನು ಕರೆಯಿರಿ. ವೈದ್ಯರ ದಾಖಲೆ ಮತ್ತು ಸ್ವಭಾವದ ವರದಿ ಕೇಳಿ. ಅವನ್ನು ಕೊಡದೆ ನಾಯಿ ಕೊಡುವ ಸಂಸ್ಥೆಯಾದರೆ ಧಾರಾಳವಾಗಿ ಪ್ರಶ್ನಿಸಿ.

ಮೂರು, ಹೊಣೆಯನ್ನು ಸಾಕುವವರ ಮೇಲೆ ಹೊರಿಸಿ. ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆ ಕಾನೂನನ್ನು ಬಳಸಿ. ನಾವೂ ನಿಮ್ಮ ಜೊತೆ ನಿಲ್ಲುತ್ತೇವೆ.

ನಾಲ್ಕು, ನಾಯಿಯ ಹತ್ತಿರ ಹೇಗಿರಬೇಕೆಂದು ಮಕ್ಕಳಿಗೆ ಕಲಿಸಲು ವರ್ಷಕ್ಕೊಮ್ಮೆ ಕ್ಲಬ್‌ಹೌಸಿನಲ್ಲಿ ಒಂದು ಗಂಟೆ ಕೊಡಿ. ಕೇಳದೆ ಮುಟ್ಟಬಾರದು, ಉಣ್ಣುವಾಗ ಹತ್ತಿರ ಹೋಗಬಾರದು, ಬೆನ್ನಟ್ಟಿದರೆ ಓಡದೆ ನಿಲ್ಲಬೇಕು ಎಂಬುದು ಪ್ರತಿ ಮಗುವಿಗೂ ತಿಳಿದಿರಬೇಕು. ಬೀದಿಯ ನಾಯಿಯ ಮುಂದೆಯೂ ಅದೇ ಪಾಠ ಕೆಲಸಕ್ಕೆ ಬರುತ್ತದೆ.

ನಿಮ್ಮ ಸಂಘದಲ್ಲಿ ಮರಿ ಕೊಳ್ಳಲು ಯೋಚಿಸುತ್ತಿರುವವರಿಗೂ ಒಂದು ಮಾತು. 2017ರ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಒಂದು ಹೆಣ್ಣುನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಹಾಕಿಸಬಾರದು. ಇದನ್ನು ಪಾಲಿಸದವರಿಂದ ಕೊಂಡ ಪ್ರತಿ ಮರಿಯ ಹಿಂದೆ ಗೌರಿಯಂಥ ತಾಯಿಯೊಬ್ಬಳಿರುತ್ತಾಳೆ. ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ತಪ್ಪಿಗೆ ಅದು ಹೇಳುವ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟು ದುರ್ಬಲ ಕಾನೂನಿರುವಾಗ ನೆರೆಹೊರೆಯ ಕಣ್ಣು, ಸಂಘದ ಮಾತು ಇವೇ ದೊಡ್ಡ ರಕ್ಷಣೆ. ಯಾರಾದರೂ ನಾಯಿಯನ್ನು ಬಿಡಲು ಹೊರಟರೆ ಮೊದಲು ತಿಳಿಯುವುದು ನಿಮಗೆ.

2022ರಲ್ಲಿ '777 ಚಾರ್ಲಿ' ಚಿತ್ರ ಬಂದಾಗ ನಮ್ಮ ನಾಡು ಒಂದು ಲ್ಯಾಬ್ರಡಾರ್‌ಗಾಗಿ ಕಣ್ಣೀರಿಟ್ಟಿತು. ದುಡ್ಡಿನಾಸೆಯ ಬ್ರೀಡಿಂಗ್‌ನಿಂದ ಕಾಯಿಲೆ ಹೊತ್ತು ಬಂದ ಆ ಜೀವಕ್ಕೆ ಒಂದು ಮನೆ ಸಿಕ್ಕಿತಲ್ಲ ಎಂದು ಚಿತ್ರಮಂದಿರಗಳಲ್ಲಿ ಜನ ಎದೆ ತುಂಬಿಕೊಂಡರು. ಅದೇ ಬ್ರೀಡರ್‌ಗಳ ಶೆಡ್ಡಿನಿಂದ, ಅದೇ ನೋವು ಹೊತ್ತು ಬರುವ ರಾಟ್‌ವೈಲರ್‌ಗೂ ಪಿಟ್‌ಬುಲ್‌ಗೂ ಆ ಮಮತೆಯಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ಕುರುಡಾಗಿ ಒಪ್ಪಿ ಎಂದು ನಾನು ಕೇಳುತ್ತಿಲ್ಲ. ನೋಡಿ, ಪ್ರಶ್ನಿಸಿ, ಷರತ್ತು ಹಾಕಿ, ಕಾದು ಪರೀಕ್ಷಿಸಿ. ಪರೀಕ್ಷೆಯಲ್ಲಿ ಸೋತ ನಾಯಿಯನ್ನು ನಾವೇ ವಾಪಸ್ ಕರೆದೊಯ್ಯುತ್ತೇವೆ. ನಿಮ್ಮ ಮುಂದಿನ ಮಾಸಿಕ ಸಭೆಯ ವಿಷಯಪಟ್ಟಿಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಿಕೊಳ್ಳಿ. ಕರೆದರೆ ಬಂದು, ಕುಳಿತು, ಪ್ರತಿಯೊಬ್ಬರ ಪ್ರಶ್ನೆಗೂ ಉತ್ತರಿಸಲು ನಾವು ಸಿದ್ಧರಿದ್ದೇವೆ.



ನಾಯಿಗಳ ಮರುವಸತಿ ಕೆಲಸದಲ್ಲಿರುವ ಬೆಂಗಳೂರಿನ ಒಬ್ಬ ನಿವಾಸಿ